ಗುಡಿಸಬೇಡಿ, ಬಂದವರು ನೋಡಲಿ

ಬೆಂಗಳೂರಿನಲ್ಲಿ ನನ್ನ ತಂಗಿ ಇರುವ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮೂರು ತಿಂಗಳಿಗೊಮ್ಮೆ ಒಂದು ಸಂದೇಶ ಬರುತ್ತದೆ: ‘ನಾಳೆ ಬೆಳಿಗ್ಗೆ ಹತ್ತಕ್ಕೆ ಪೆಸ್ಟ್ ಕಂಟ್ರೋಲ್‌ನವರು ಬರುತ್ತಾರೆ. ಎಲ್ಲರೂ ಮನೆ ಕ್ಲೀನ್ ಮಾಡಿಟ್ಟುಕೊಳ್ಳಿ.’ ಅದರ ಕೆಳಗೆ ಸಾಲು ಸಾಲು ಹೆಬ್ಬೆರಳು. ಆಮೇಲೆ ನೋಡಬೇಕು ಆ ಮನೆಗಳ ಸಡಗರ. ಸಿಂಕಿನ ಕೆಳಗೆ ಮೂರು ತಿಂಗಳಿಂದ ಕೈಹಾಕದವರು ಅಂದು ರಾತ್ರಿ ತಲೆ ತೂರಿಸಿ ಉಜ್ಜುತ್ತಾರೆ. ಅಟ್ಟದ ಧೂಳು ಹೊಡೆಯುತ್ತಾರೆ. ಗೋಡೆಯ ಮೂಲೆಯಲ್ಲಿ ಎದ್ದಿದ್ದ ಮಣ್ಣಿನ ಗೆರೆಯನ್ನು ಪೊರಕೆಯ ಹಿಡಿಯಿಂದ ಕೆರೆದು ಹಾಕಿ, ಮೇಲೆ ಒದ್ದೆ ಬಟ್ಟೆ ಎಳೆಯುತ್ತಾರೆ. ಕೊನೆಗೆ ಮನೆಯಿಡೀ ಫಿನಾಯಿಲ್. ಬೆಳಿಗ್ಗೆ ಬಂದವನಿಗೆ ಕಾಫಿಯೂ ಸಿದ್ಧ. ಗಂಡಿನ ಕಡೆಯವರು ಹೆಣ್ಣು ನೋಡಲು ಬರುವ ಮನೆಗೂ ಇದಕ್ಕೂ ಇರುವ ವ್ಯತ್ಯಾಸ ಕೇಸರಿಬಾತ್ ಒಂದೇ.

ಇದನ್ನು ನಾವು ‘ತಯಾರಿ’ ಎನ್ನುತ್ತೇವೆ. ನಾನು ಇದನ್ನು ಸಾಕ್ಷ್ಯನಾಶ ಎನ್ನುತ್ತೇನೆ. ಕಳ್ಳತನವಾದ ಮನೆಯವರು ಪೊಲೀಸರು ಬರುತ್ತಾರೆಂದು ಬೀರುವಿನ ಮೇಲಿನ ಬೆರಳಚ್ಚನ್ನೆಲ್ಲ ಒರೆಸಿಟ್ಟರೆ ನಗುತ್ತೇವೆ. ಜ್ವರದ ಮಗುವಿಗೆ ಮಾತ್ರೆ ನುಂಗಿಸಿ, ಮೈ ತಣ್ಣಗಾದ ಮೇಲೆ ಡಾಕ್ಟರ ಹತ್ತಿರ ಕರೆದೊಯ್ದರೆ ಅವರೇ ಬೈಯುತ್ತಾರೆ. ಹುಳದ ವಿಷಯಕ್ಕೆ ಬಂದಾಗ ಮಾತ್ರ ಈ ಮೂರ್ಖತನಕ್ಕೆ ಅಚ್ಚುಕಟ್ಟುತನ ಎಂಬ ಹೆಸರು ಹೇಗೆ ಬಂತು?

ಗುಡಿಸಿ ಹಾಕಿದ್ದೇನು ಎಂದು ಒಂದು ಗಳಿಗೆ ನೋಡಿ. ಅಡುಗೆಮನೆಯ ಡ್ರಾಯರಿನ ಹಳಿಯ ಹತ್ತಿರ ಕಾಫಿಪುಡಿ ಉದುರಿದಂತೆ ಕಾಣುವುದು ಕಾಫಿಪುಡಿಯಲ್ಲ, ಸಣ್ಣ ಜಿರಳೆಯ ಹಿಕ್ಕೆ. ಅದು ಎಲ್ಲಿ ದಟ್ಟವಾಗಿದೆಯೋ ಅದರ ಗೇಣಳತೆಯಲ್ಲೇ ಗೂಡು. ಮಂಚದ ಹಲಗೆ ಕೂಡುವಲ್ಲಿ, ಹಾಸಿಗೆಯ ಹೊಲಿಗೆಯ ಉದ್ದಕ್ಕೂ ಮಸಿಪೆನ್ನಿನಿಂದ ಚುಕ್ಕಿ ಇಟ್ಟಂತಿದ್ದರೆ ತಿಗಣೆ. ಕಿಟಕಿಯ ಕಟ್ಟೆಯ ಮೇಲೆ ಬಿದ್ದಿರುವ ಒಂದೇ ಅಳತೆಯ ತೆಳು ರೆಕ್ಕೆಗಳು ಮೊದಲ ಮಳೆಯ ಸಂಜೆ ಟ್ಯೂಬ್‌ಲೈಟಿಗೆ ಮುತ್ತಿದ ಮಳೆಹುಳುಗಳವು, ಅಂದರೆ ರೆಕ್ಕೆ ಮೂಡಿದ ಗೆದ್ದಲುಗಳವು. ಅವು ಹೊರಗಿನಿಂದ ಹಾರಿ ಬಂದವೋ ನಿಮ್ಮ ಗೋಡೆಯೊಳಗಿನಿಂದಲೇ ಎದ್ದವೋ ಎಂಬುದು ರೆಕ್ಕೆ ಬಿದ್ದ ಜಾಗ ಮತ್ತು ರಾಶಿ ನೋಡಿದರೆ ಗೊತ್ತಾಗುತ್ತದೆ. ಕಪಾಟಿನ ಕೆಳಗೆ ಬಿದ್ದ ಮರದ ಪುಡಿ ಹಿಟ್ಟಿನಷ್ಟು ನುಣುಪಾಗಿದ್ದರೆ ಕುಟ್ಟೆ ಹುಳು. ಗಸಗಸೆಯಂತೆ ಕಾಳು ಕಾಳಾಗಿದ್ದು, ಭೂತಗನ್ನಡಿಯಲ್ಲಿ ಪ್ರತಿ ಕಾಳಿಗೂ ಆರು ಮುಖ ಕಂಡರೆ ಮಣ್ಣಿನ ಸಂಪರ್ಕವೇ ಬೇಡದೆ ಮರದಲ್ಲೇ ಬದುಕುವ ಒಣಮರದ ಗೆದ್ದಲು. ನೆಲದ ಗೆದ್ದಲಿನ ಮದ್ದೇ ಬೇರೆ, ಇದರ ಮದ್ದೇ ಬೇರೆ. ಒಂದು ಚಿಟಿಕೆ ಪುಡಿಯಲ್ಲಿ ಇಷ್ಟು ವಿಷಯ ಇತ್ತು. ನೀವು ಅದನ್ನು ಮೊರದಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿ, ಕೈತೊಳೆದು, ‘ಸದ್ಯ, ಮಾನ ಉಳಿಯಿತು’ ಎಂದಿರಿ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಮೈಸೂರಿನ ನಮ್ಮ ಮನೆಯಲ್ಲಿ ದೇವರ ಕೋಣೆಯ ಬಾಗಿಲವಾಡದ ಪಕ್ಕ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆಯೊಂದು ಮೊಳದುದ್ದ ಏರಿತ್ತು. ಕಂಪನಿಯೊಂದರ ಹುಡುಗ ನೋಡಲು ಬರುವ ಹಿಂದಿನ ದಿನ ಅದನ್ನು ಒರೆಸಿದವನು ನಾನೇ. ದೇವರ ಕೋಣೆ ಬೇರೆ, ಬಂದವನು ಏನಂದುಕೊಂಡಾನು? ಅವನು ಬಂದ, ಮೊಬೈಲ್ ನೋಡುತ್ತಲೇ ನಾಲ್ಕು ಕೋಣೆ ಸುತ್ತಿದ. ‘ಏನೂ ಕಾಣ್ತಿಲ್ಲ ಸಾರ್, ಜನರಲ್ ಸ್ಪ್ರೇ ಹೊಡೆದುಬಿಡ್ತೀವಿ, ಒಂದು ವರ್ಷ ಗ್ಯಾರಂಟಿ’ ಎಂದ. ಹೊಡೆಸಿದೆವು. ಎಂಟು ತಿಂಗಳ ಮೇಲೆ ಪಕ್ಕದ ಕೋಣೆಯ ಪುಸ್ತಕದ ಕಪಾಟಿನಿಂದ ನಿಘಂಟಿನ ಒಂದು ಸಂಪುಟ ಎಳೆದೆ. ಬೆನ್ನು ಗಟ್ಟಿಯಾಗಿತ್ತು, ರಟ್ಟು ಗಟ್ಟಿಯಾಗಿತ್ತು, ಚಿನ್ನದ ಅಕ್ಷರ ಹೊಳೆಯುತ್ತಿತ್ತು. ಕೈಗೆ ಮಾತ್ರ ಹಗುರ. ತೆರೆದರೆ ಒಳಗೆ ಹಾಳೆಯಿಲ್ಲ, ಜೇನುಗೂಡಿನಂಥ ಮಣ್ಣು. ಅದರೊಳಗೆ ಬಿಳಿ ಹುಳುಗಳು ಬೆಳಕಿಗೆ ಬೆದರಿ ಓಡಾಡುತ್ತಿದ್ದವು. ಕೆಳಗಿನ ಎರಡು ಖಾನೆ ಪೂರ್ತಿ ಹೋಗಿತ್ತು. ಕಪಾಟಿನ ಹಿಂಬದಿಯ ಹಲಗೆಯನ್ನು ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯಿತು.

ಆ ಹುಡುಗನನ್ನು ಬೈದೆವು. ಬೈಗುಳದಲ್ಲಿ ನನ್ನ ಪಾಲೆಷ್ಟು ಎಂದು ಯಾರೂ ಕೇಳಲಿಲ್ಲ.

ಈ ಒರೆಸುವ ಚಟದ ಬೇರು ನಾಚಿಕೆಯಲ್ಲಿದೆ. ಹುಳು ಬರುವುದು ಕೊಳಕರ ಮನೆಗೆ, ನಾವು ಮಡಿವಂತರು, ನಮ್ಮ ಮನೆಗೇಕೆ? ಆದರೆ ಗೆದ್ದಲಿಗೆ ಬೇಕಾದದ್ದು ಮರ, ಕಾಗದ, ಹತ್ತಿ ಮತ್ತು ಒಂದಿಷ್ಟು ತೇವ. ನೀವು ದಿನಕ್ಕೆರಡು ಸಲ ನೆಲ ಸಾರಿಸುತ್ತೀರೋ ಇಲ್ಲವೋ ಎಂಬುದು ಅದರ ಲೆಕ್ಕದಲ್ಲೇ ಇಲ್ಲ. ಸಾರಿಸಿದ ನೀರು ಬಾಗಿಲವಾಡದ ಬುಡಕ್ಕೆ ಇಳಿಯುತ್ತಿದ್ದರೆ ಅದಕ್ಕೆ ಸಂತೋಷವೇ. ತಿಗಣೆ ಬರುವುದು ರೈಲಿನಿಂದ, ಹಾಸ್ಟೆಲಿನಿಂದ, ಒಳ್ಳೆಯ ಹೋಟೆಲಿನ ಕೋಣೆಯಿಂದ, ನಿಮ್ಮದೇ ಸೂಟ್‌ಕೇಸಿನಲ್ಲಿ ಕೂತು. ಅಡುಗೆಮನೆಯ ಆ ಸಣ್ಣ ಕಂದು ಜಿರಳೆಗೆ ಜೀವವಿಜ್ಞಾನಿ ಲಿನೇಯಸ್ 1767ರಲ್ಲಿ ಜರ್ಮನಿಯ ಹೆಸರಿಟ್ಟ, ನಾವೂ ಜರ್ಮನ್ ಜಿರಳೆ ಎನ್ನುತ್ತ ಬಂದೆವು. 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ಹೇಳುವುದೇ ಬೇರೆ: ಅದು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ, ಮನುಷ್ಯರ ಮನೆಗೆ ಒಗ್ಗಿಕೊಂಡು ರೂಪುಗೊಂಡ ಜೀವಿ. ಎರಡು ಸಾವಿರ ವರ್ಷದ ಒಕ್ಕಲು! ಇಷ್ಟು ಹಳೆಯ ಬಾಡಿಗೆದಾರ ನಮ್ಮ ಮನೆಯಲ್ಲಿಲ್ಲ ಎಂದು ನಟಿಸುವುದು ಯಾರ ಕಣ್ಣಿಗೆ ಮಣ್ಣೆರಚಲು?

ಮುಚ್ಚಿಡುವುದು ಎಷ್ಟು ದುಬಾರಿ ಎಂಬುದು ಈ ರಾಜ್ಯಕ್ಕೆ ಗೊತ್ತಿರಬೇಕಿತ್ತು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಾಗ ತಪಾಸಣೆಯವರಿಗೆ ಹೆದರಿ ಜನ ರೋಗಿಗಳನ್ನೇ ಮುಚ್ಚಿಟ್ಟರು. ಅವರನ್ನು ನಾನು ದೂರುವುದಿಲ್ಲ. ಅವರಿಗೆ ಮನೆ ಬಿಡಿಸುತ್ತಾರೆ, ಕ್ಯಾಂಪಿಗೆ ಎಳೆದೊಯ್ಯುತ್ತಾರೆ ಎಂಬ ನಿಜವಾದ ಭಯವಿತ್ತು. ನಮಗೇನು ಭಯ? ಎದುರು ಫ್ಲ್ಯಾಟಿನ ಆಂಟಿ ಏನಂದುಕೊಳ್ಳುತ್ತಾರೆ ಎಂಬುದೇ?

ಈಗ ಇನ್ನೊಂದು ಬದಿಗೆ ಬರೋಣ. ‘ಫ್ರೀ ಇನ್‌ಸ್ಪೆಕ್ಷನ್’ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕುತ್ತಾರಲ್ಲ, ಈ ಧಂದೆಯ ಅಸಲು ರೋಗ ಅಲ್ಲಿದೆ. ನೋಡುವುದು ಬಿಟ್ಟಿ, ಹೊಡೆಯುವುದಕ್ಕೆ ದುಡ್ಡು. ಹಾಗಿರುವಾಗ ನೋಡಲು ಬಂದವನು ಯಾಕೆ ನೋಡುತ್ತಾನೆ? ಜಾತಕ ನೋಡಿದವನೇ ಶಾಂತಿಹೋಮ ಮಾಡಿಸುವವನೂ ಆದರೆ ದೋಷವಿಲ್ಲದ ಜಾತಕ ಯಾರದ್ದಾದರೂ ಇದ್ದೀತೇ? ಅವನಿಗೆ ದಿನಕ್ಕೆ ಇಂತಿಷ್ಟು ಮನೆ ಎಂಬ ಗುರಿ ಇರುತ್ತದೆ. ಒಂದು ಮನೆಯಲ್ಲಿ ಎರಡು ತಾಸು ಕೂತು, ಸ್ಕ್ರೂಡ್ರೈವರಿನ ಹಿಡಿಯಿಂದ ಪ್ರತಿ ಚೌಕಟ್ಟನ್ನೂ ತಟ್ಟಿ ಟೊಳ್ಳು ದನಿ ಎಲ್ಲಿದೆ ಎಂದು ಕಿವಿಗೊಟ್ಟರೆ ಅವನ ಸಂಬಳಕ್ಕೇ ಕತ್ತರಿ. ನಮಗೂ ಅವನು ಬೇಗ ಹೋದರೆ ಸಾಕು, ಹನ್ನೊಂದಕ್ಕೆ ಮೀಟಿಂಗ್ ಇದೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನೋಡುವುದಕ್ಕೂ ಹೊಡೆಯುವುದಕ್ಕೂ ಸೇರಿಸಿ ನಲವತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಬಿಲ್ಲು ಮತ್ತು ‘ಫೈವ್ ಸ್ಟಾರ್ ರೇಟಿಂಗ್ ಕೊಡಿ ಮೇಡಂ’.

ಹೊಡೆದದ್ದಾದರೂ ಏನು? ಹಿಂದೆ ಘಾಟು ಬಂದರೆ ಮಾತ್ರ ಕೆಲಸವಾಯಿತು ಎಂದು ನಂಬುತ್ತಿದ್ದೆವು. ಈಗ ಫ್ಯಾಷನ್ ತಿರುಗಿದೆ: ‘ಹರ್ಬಲ್, ವಾಸನೆ ಇಲ್ಲ, ಮನೆ ಬಿಡಬೇಕಿಲ್ಲ.’ ಎರಡೂ ಮೂಗಿನ ತೀರ್ಪು. ವಾಸನೆ ಇಲ್ಲದ್ದೆಲ್ಲ ಸಾಧುವೂ ಅಲ್ಲ, ಘಾಟು ಇದ್ದದ್ದೆಲ್ಲ ಗೂಡು ಮುಟ್ಟುವುದೂ ಇಲ್ಲ. ಜಿರಳೆಗೆ ಇಡುವ ಜೆಲ್ ಕೆಲಸ ಮಾಡುವುದೇ ಅದು ತಿಂದರೆ. ತಿಂದು, ಗೂಡಿಗೆ ಹೋಗಿ, ಸತ್ತು, ಅದರ ಹಿಕ್ಕೆ ಹೆಣಗಳನ್ನು ಮಿಕ್ಕವು ತಿಂದು ಸಾಯಬೇಕು. ಅಂಥ ಜೆಲ್ಲನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟುಹೋದ ಮರುದಿನವೇ ನಾವು ಅದರ ಮೇಲೆ ಅಂಗಡಿಯ ಕೀಟನಾಶಕದ ಡಬ್ಬಿ ಒತ್ತುತ್ತೇವೆ, ಸೀಮೆಸುಣ್ಣದಂಥ ವಿಷದ ಗೆರೆ ಎಳೆಯುತ್ತೇವೆ, ಫಿನಾಯಿಲ್ ಹಾಕಿ ಉಜ್ಜುತ್ತೇವೆ. ಜಿರಳೆಗೇನು ಹುಚ್ಚೇ, ಹೇಸಿಗೆಯಾದ ತುತ್ತು ಮುಟ್ಟಲು? ಆಮೇಲೆ ದೂರು: ‘ಜೆಲ್ ವರ್ಕೇ ಆಗಲ್ಲ ಕಣ್ರೀ.’

ಗೆದ್ದಲಿಗೆ ಸ್ಪ್ರೇ ಹೊಡೆಸುವವರ ಬಗ್ಗೆ ಹೇಳಿದಷ್ಟೂ ಕಡಿಮೆ. ಕಂಡ ಮಣ್ಣಿನ ಗೆರೆಯ ಮೇಲೆ ಹೊಡೆದರೆ ಸಾಯುವುದು ಆ ಹೊತ್ತು ದಾರಿಯಲ್ಲಿದ್ದ ಕೂಲಿಯಾಳುಗಳು. ರಾಣಿ ಅಂಗಳದಲ್ಲೋ ಪಕ್ಕದ ಖಾಲಿ ಸೈಟಿನಲ್ಲೋ ನೆಲದಡಿ ಸುಖವಾಗಿದ್ದಾಳೆ. ಈಗಾಗಲೇ ಕಟ್ಟಿದ ಮನೆಗೆ ಗೆದ್ದಲಿನ ಚಿಕಿತ್ಸೆ ಹೇಗಿರಬೇಕು ಎಂಬುದಕ್ಕೆ ಭಾರತೀಯ ಮಾನಕವೇ ಇದೆ, ಐಎಸ್ 6313ರ ಮೂರನೆಯ ಭಾಗ. ಗೋಡೆ-ನೆಲ ಕೂಡುವ ಸಂದಿನಲ್ಲಿ ಸಾಲಾಗಿ ರಂಧ್ರ ಕೊರೆದು, ಅಡಿಯ ಮಣ್ಣಿಗೆ ದ್ರಾವಣ ಇಳಿಸಿ, ಮತ್ತೆ ಮುಚ್ಚುವ ಕೆಲಸ ಅದು. ಕೊರೆಯಬೇಕಾದರೆ ಸೋಫಾ ಸರಿಸಬೇಕು, ಕಪಾಟು ಗೋಡೆ ಬಿಟ್ಟು ನಿಲ್ಲಬೇಕು, ನೀರಿನ ಪೈಪು ಎಲ್ಲಿ ಹೋಗಿದೆ ಎಂದು ಮನೆಯವರು ಹೇಳಬೇಕು. ಇದು ನಿಜವಾದ ತಯಾರಿ. ಇದನ್ನು ಹೇಳಿದರೆ ಗ್ರಾಹಕ ಓಡಿಹೋಗುತ್ತಾನೆಂದು ಕಂಪನಿ ಹೇಳುವುದಿಲ್ಲ. ಟೈಲ್ಸ್ ಹಾಳಾಗುತ್ತದೆಂದು ನಾವು ಕೇಳುವುದಿಲ್ಲ.

ಇಷ್ಟು ಹೊತ್ತು ದುಡ್ಡು, ಪುಸ್ತಕ, ಮರದ ಮಾತಾಯಿತು. ಇನ್ನು ಜೀವದ ಮಾತು. 2022ರಲ್ಲಿ ಬೆಂಗಳೂರಿನಲ್ಲಿ, ಔಷಧಿ ಹೊಡೆಸಿದ್ದ ಬಾಡಿಗೆ ಮನೆಗೆ ಮರಳಿ ಬಂದ ಕುಟುಂಬವೊಂದರ ಎಂಟು ವರ್ಷದ ಮಗು ತೀರಿಕೊಂಡಿತು. ನಾವು ಪತ್ರಿಕೆಯಲ್ಲಿ ಓದಿ ‘ಅಯ್ಯೋ ಪಾಪ’ ಎಂದು ಪುಟ ತಿರುವಿದೆವು. ಎಷ್ಟು ಜನ ಅಂದಿನಿಂದ ಬಾಟಲಿಯ ಲೇಬಲ್ ಕೇಳಿದ್ದೇವೆ? ಮನೆಗೆ ಬರುವವನು ಕುಡಿಯುವ ನೀರಿನ ಹಳೇ ಬಾಟಲಿಯಲ್ಲಿ ಹಾಲಿನಂಥ ದ್ರವ ತರುತ್ತಾನೆ. ಹೆಸರಿಲ್ಲ, ದಿನಾಂಕವಿಲ್ಲ. ಕೀಟನಾಶಕದ ಪ್ರತಿ ಡಬ್ಬಿಯ ಮೇಲೆ ವಜ್ರಾಕಾರದ ಗುರುತಿರಬೇಕು, ಅದರ ಕೆಳಗಿನ ಅರ್ಧದ ಬಣ್ಣವೇ ವಿಷದ ತೀವ್ರತೆ ಹೇಳಬೇಕು ಎಂಬುದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ: ಕೆಂಪು ಎಲ್ಲಕ್ಕಿಂತ ಕ್ರೂರ, ಆಮೇಲೆ ಹಳದಿ, ನೀಲಿ, ಹಸಿರು. ಹಾಲಿನ ಪ್ಯಾಕೆಟ್ಟಿನ ದಿನಾಂಕವನ್ನು ಕನ್ನಡಕ ಹಾಕಿಕೊಂಡು ಓದುವ ನಮಗೆ ಮಗು ಮಲಗುವ ಕೋಣೆಗೆ ಹೊಡೆಯುವ ವಿಷದ ಬಣ್ಣ ಗೊತ್ತಿಲ್ಲ. ಉಗ್ರಾಣದ ಧಾನ್ಯಕ್ಕೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಳನ್ನು ಸಾಮಾನ್ಯ ಜನರಿಗೆ ಮಾರುವಂತೆಯೇ ಇಲ್ಲ. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನಿಲ ಹೊರಬರುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ಹಾಗಿದ್ದೂ ಇಲಿಗೆ, ತಿಗಣೆಗೆ ‘ಸ್ಟ್ರಾಂಗ್ ಮಾತ್ರೆ’ ಬೇಕೆಂದು ಹುಡುಕುವವರು ನಮ್ಮ ಬೀದಿಗಳಲ್ಲೇ ಇದ್ದಾರೆ.

ಕಾನೂನು ಇಲ್ಲವೆಂದಲ್ಲ. 1968ರ ಕೀಟನಾಶಕ ಕಾಯ್ದೆಯಡಿ ಈ ಕೆಲಸ ಮಾಡಲು ಪರವಾನಗಿ ಬೇಕು. ಪರವಾನಗಿಗೆ ಕೃಷಿ ಪದವಿ ಅಥವಾ ರಸಾಯನಶಾಸ್ತ್ರವಿರುವ ವಿಜ್ಞಾನ ಪದವಿ, ಅದರ ಮೇಲೆ ಮಾನ್ಯ ಸಂಸ್ಥೆಯ ತರಬೇತಿ ಬೇಕು. ಆ ಸಂಸ್ಥೆಗಳಲ್ಲಿ ಒಂದು ನಮ್ಮ ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ, ಚೆಲುವಾಂಬ ವಿಲಾಸದ ಆ ಚೆಂದದ ಕಟ್ಟಡದಲ್ಲಿರುವುದು. ದೇಶದ ಬೇರೆ ರಾಜ್ಯಗಳಿಂದ ಅಲ್ಲಿಗೆ ಬಂದು ಈ ವಿದ್ಯೆ ಕಲಿತು ಹೋಗುತ್ತಾರೆ. ನಾವು ಅದರ ಗೇಟಿನ ಮುಂದೆಯೇ ಓಡಾಡಿಕೊಂಡು, ಆಟೋ ಹಿಂದೆ ಅಂಟಿಸಿದ ಫೋನ್ ನಂಬರಿಗೆ ಕರೆ ಮಾಡುತ್ತೇವೆ. ಆಟೋ ಹಿಂದಿನ ನಂಬರಿನಿಂದ ಬರುವ ಹುಡುಗನಾದರೂ ಯಾರು? ಕೈಗವಸಿಲ್ಲ, ಮುಖಕ್ಕೆ ಕಟ್ಟಿದ್ದು ಕರವಸ್ತ್ರ. ದಿನಕ್ಕೆ ಎಂಟು ಮನೆಯ ವಿಷ ಅವನೊಬ್ಬನ ಶ್ವಾಸಕೋಶಕ್ಕೆ. ಅವನು ಹೋದ ಮೇಲೆ ಬರಿಗೈಯಲ್ಲಿ ನೆಲ ಒರೆಸುವವಳು ಮನೆಗೆಲಸದಾಕೆ. ನಾವು ಅಷ್ಟುಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಅಜ್ಜಿಮನೆಗೆ ಹೋಗಿರುತ್ತೇವೆ. ಅವಳಿಗೂ ಮಕ್ಕಳಿವೆ ಎಂಬುದು ಯಾವ ಸಂದೇಶದಲ್ಲೂ ಬರುವುದಿಲ್ಲ.

ಅಸೋಸಿಯೇಷನ್ನುಗಳ ವಾರ್ಷಿಕ ಗುತ್ತಿಗೆ ಇನ್ನೊಂದು ಪ್ರಹಸನ. ಸೋಮವಾರ ಮೂರನೇ ಮಹಡಿ, ಗುರುವಾರ ನಾಲ್ಕನೇ ಮಹಡಿ, ಬೀಗ ಹಾಕಿದ ಮನೆ ಬಿಟ್ಟು. ಮೋರಿಯ ಪೈಪು ಮೇಲಿಂದ ಕೆಳಗಿನವರೆಗೆ ಒಂದೇ, ಡಕ್ಟ್ ಒಂದೇ. ಜಿರಳೆಗೆ ಫ್ಲ್ಯಾಟ್ ನಂಬರ್ ಓದಲು ಬರುವುದಿಲ್ಲ. ಘಾಟಿಗೆ ಹೆದರಿ ಪಕ್ಕದ ಮನೆಗೆ ಹೋಗಿ, ಗಲಾಟೆ ಅಡಗಿದ ಮೇಲೆ ವಾಪಸು. ಕಟ್ಟಡವನ್ನು ಒಟ್ಟಾಗಿ ನೋಡದ ತಪಾಸಣೆ ತಪಾಸಣೆಯಲ್ಲ, ಸಹಿ ಹಾಕಿಸಿಕೊಳ್ಳುವ ಕಾರ್ಯಕ್ರಮ. ಇನ್ನು ಬಾಡಿಗೆ ಮನೆಯ ಓನರುಗಳು ಹಳಬರು ಖಾಲಿ ಮಾಡಿದ ಮರುವಾರವೇ ಸುಣ್ಣಬಣ್ಣ ಹೊಡೆಸಿ, ಗೆದ್ದಲಿನ ಗೆರೆಯ ಮೇಲೂ ಎರಡು ಕೋಟು ಎಳೆಸಿ, ಹೊಸಬರಿಂದ ಮುಂಗಡ ಎಣಿಸಿಕೊಳ್ಳುತ್ತಾರೆ. ಇಂಟೀರಿಯರ್ ಮಾಡುವವರೂ ಕಡಿಮೆಯಿಲ್ಲ: ಗೋಡೆಗೆ ಅಂಟಿಸಿದ ವಾರ್ಡ್‌ರೋಬ್, ಕೆಳಗೆ ಮುಚ್ಚಿದ ಪ್ಲೈವುಡ್ ಪಟ್ಟಿ, ಮೇಲೆ ಫಾಲ್ಸ್ ಸೀಲಿಂಗ್. ಕೈ ತೂರಿಸಲು, ಟಾರ್ಚ್ ಬಿಡಲು ಒಂದು ಕಿಂಡಿಯಿಲ್ಲ. ಲಕ್ಷಗಟ್ಟಲೆ ಸುರಿದು ಹುಳಕ್ಕೆ ಹವಾನಿಯಂತ್ರಿತ ಛತ್ರ ಕಟ್ಟಿಸಿಕೊಟ್ಟವರು ಆಮೇಲೆ ತಪಾಸಣೆಯವನನ್ನು ‘ಸರಿಯಾಗಿ ನೋಡಲಿಲ್ಲ’ ಎಂದು ದೂರುವುದು ಯಾವ ನ್ಯಾಯ?

ಸಾಕು ಈ ನಾಟಕ. ತಪಾಸಣೆಗೆ ದುಡ್ಡು ಕೊಡಿ, ಬಿಟ್ಟಿ ನೋಟ ಬೇಡ ಎನ್ನಿ. ನೋಡುವ ದಿನ ಬೇರೆ, ಹೊಡೆಯುವ ದಿನ ಬೇರೆ ಎಂದು ಹಟ ಹಿಡಿಯಿರಿ. ನಡುವೆ ಕಾಗದದ ಮೇಲೆ ಬರೆದ ವರದಿ ಇರಲಿ: ಯಾವ ಹುಳು, ಎಲ್ಲಿ, ಯಾಕೆ, ಯಾವ ಔಷಧಿ, ಎಷ್ಟು ಹೊತ್ತು ಮನೆಯಿಂದ ಹೊರಗಿರಬೇಕು. ಪರವಾನಗಿ ತೋರಿಸದವನನ್ನು, ಲೇಬಲ್ ಇಲ್ಲದ ಬಾಟಲಿ ತಂದವನನ್ನು ಹೊಸ್ತಿಲಲ್ಲೇ ನಿಲ್ಲಿಸಿ. ಪರವಾನಗಿ ಕೊಟ್ಟ ಕೃಷಿ ಇಲಾಖೆ ಅದನ್ನು ಕೊಟ್ಟು ಮರೆಯದಂತೆ ಅಸೋಸಿಯೇಷನ್ನಿನ ಲೆಟರ್‌ಹೆಡ್ಡಿನಲ್ಲಿ ದೂರು ಬರೆಯಿರಿ. ಆ ಕಾಗದ ಪಾರ್ಕಿಂಗ್ ಜಗಳಕ್ಕೆ ಮಾತ್ರ ಇರುವುದಲ್ಲ. ನೋಡಲು ಬರುವ ದಿನಕ್ಕೆ ಮಾಡಬೇಕಾದ ತಯಾರಿ ಇಷ್ಟೇ: ಸಿಂಕಿನ ಕೆಳಗಿನ ಡಬ್ಬಿಗಳನ್ನು ಎತ್ತಿಡಿ, ಉಜ್ಜಬೇಡಿ. ಮಂಚ, ಕಪಾಟುಗಳನ್ನು ಗೋಡೆಯಿಂದ ಒಂದಡಿ ಎಳೆಯಿರಿ, ಹಿಂದಿನದನ್ನು ಗುಡಿಸಬೇಡಿ. ಹಾಸಿಗೆಯನ್ನು ಇನ್ನೊಂದು ಕೋಣೆಗೆ ಹೊತ್ತೊಯ್ಯಬೇಡಿ, ತಿಗಣೆಗೆ ನೀವೇ ಪಲ್ಲಕ್ಕಿಯಾಗುತ್ತೀರಿ. ಅಟ್ಟದ ಬೀಗದ ಕೈ ಹುಡುಕಿಡಿ. ಯಾವ ಹೊತ್ತಿನಲ್ಲಿ, ಎಲ್ಲಿ, ಎಷ್ಟು ಕಂಡಿತು ಎಂದು ಒಂದು ಚೀಟಿಯಲ್ಲಿ ಬರೆದಿಡಿ; ಮನೆಗೆಲಸದಾಕೆಯನ್ನು ಕೇಳಿ ಬರೆಯಿರಿ, ಏಕೆಂದರೆ ನಿಮ್ಮ ಮನೆಯ ಮೂಲೆಗಳು ನಿಮಗಿಂತ ಅವಳಿಗೆ ಚೆನ್ನಾಗಿ ಗೊತ್ತು.

ನಮ್ಮ ಮನೆಗೆ ಎರಡನೆಯ ಸಲ ಬಂದವರು ನಂಜನಗೂಡಿನ ಕಡೆಯ, ಅರವತ್ತು ದಾಟಿದ ಒಬ್ಬ ಹಿರಿಯರು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಅವರು ಬರುವ ಹಿಂದಿನ ದಿನವೂ ನಾವು ಒರೆಸಿದ್ದೆವು. ಅವರು ಕಪಾಟಿನ ಹಿಂದೆ ಟಾರ್ಚ್ ಬಿಟ್ಟು, ಗೋಡೆಯ ಒದ್ದೆ ಕಲೆಯನ್ನು ಬೆರಳಿಂದ ಸವರಿ, ನನ್ನ ಹೆಂಡತಿಯನ್ನು ಕೇಳಿದರು:

“ನೆನ್ನೆ ಒರ್ಸಿದ್ರಾ ತಾಯಿ?”

“ಹೂಂ ಯಜಮಾನ್ರೇ, ನೀವು ಬರ್ತೀರಲ್ಲ ಅಂತ...”

“ನಾನ್ ಬರೋದು ಮನೆ ನೋಡಕ್ಕಲ್ಲ ಕಣವ್ವ, ಹುಳ ನೋಡಕ್ಕೆ. ಅದರ ದಾರೀನೇ ಅಳಿಸ್ಬುಟ್ರಿ. ಹದಿನೈದು ದಿನ ಪೊರಕೆ ಮುಟ್ಟುಸ್ಬೇಡಿ, ಅದೇ ಬಂದು ತೋರುಸ್ತದೆ.”

ಔಷಧಿ ಹೊಡೆಯಲಿಲ್ಲ. ಬಸ್ಸಿನ ಚಾರ್ಜು ಬಿಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ. ಹದಿನೈದನೆಯ ದಿನ ಬಂದಾಗ ಗೆರೆ ಮತ್ತೆ ಎದ್ದಿತ್ತು. ಅದು ದೇವರ ಕೋಣೆಯಿಂದ ಬಂದದ್ದೇ ಅಲ್ಲ, ಬಚ್ಚಲಮನೆಯ ಪೈಪು ಗೋಡೆಗೆ ಹೊಕ್ಕ ಸಂದಿನಿಂದ. ಅವರು ಗೆರೆಯ ನಡುವೆ ಎರಡು ಇಂಚು ಮುರಿದು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಪಕ್ಕದಲ್ಲಿ ಗೋಡೆಗೇ ತಾರೀಖು ಬರೆದರು. ನಾಲ್ಕನೆಯ ದಿನ ನೋಡಿದರೆ ಮುರಿದ ಜಾಗದಲ್ಲಿ ಹಸಿ ಮಣ್ಣಿನ ತೇಪೆ. ಅಂದು ಪ್ಲಂಬರನ್ನು ಕರೆಸಿ ಸೋರುವ ಪೈಪು ಸರಿಮಾಡಿಸಿದರು, ಆಮೇಲೆ ಡ್ರಿಲ್ ಹೊರಗೆ ತೆಗೆದರು. ಕಳೆದ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವಾಗ ಪೇಂಟರ್ ಆ ಪೆನ್ಸಿಲ್ ಗುರುತು ಕಂಡು ಮರಳುಕಾಗದ ಎತ್ತಿಕೊಂಡ. ಅಷ್ಟು ಜಾಗ ಬಿಟ್ಟು ಹೊಡಿಯಪ್ಪ ಎಂದೆ.